ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು

ಚೈತ್ರಮಾಸದ ರಾಮೋತ್ಸವವೆಂದರೆ ಪಾನಕ, ಕೋಸಂಬರಿ, ರಾಮಾಯಣ ಪ್ರವಚನಗಳೊಡನೆ ಸಂಗೀತಸೇವೆಯೂ ಸೇರಿಯೇ ನಮ್ಮ ಮನಸ್ಸಿಗೆ ಬರುತ್ತದೆ. ಅಂಥ ಸೇವೆಗಳಲ್ಲಿ ಖಮಾಸ್ ರಾಗದ ‘ಬ್ರೋಚೇವಾರೆವರುರಾ’ ಎಂಬ ಕೃತಿಯನ್ನು ಕೇಳದ ಆಸ್ತಿಕರು ವಿರಳ. ಭಾಷೆ ತೆಲುಗು, ಸ್ತುತ್ಯನಾದವನು ಶ್ರೀರಾಮ. ಆದುದರಿಂದ ಅದು ತ್ಯಾಗರಾಜರದೇ ಇರಬೇಕೆಂದು ಭಾವಿಸುವವರುಂಟು. 1980ರಲ್ಲಿ ತೆರೆಕಂಡ ‘ಶಂಕರಾಭರಣಂ’ ಚಿತ್ರದಲ್ಲಿಯೂ ಅದು ಸೇರಿದುದರಿಂದ, ಸಿನಿಮಾದ ಹಾಡೆಂದು ತಿಳಿದ ಕಿರಿಯರೂ ಇದ್ದಾರೆ. ಆ ಕೃತಿಯನ್ನು ರಚಿಸಿದವರು ನಮ್ಮ ಕನ್ನಡನಾಡಿನ, ಮೈಸೂರಿನ ಮಾಧ್ವ ಮನೆತನವೊಂದರಲ್ಲಿ ಹುಟ್ಟಿದ ವಾಸುದೇವಾಚಾರ್ಯರೆಂಬುದು ನಮ್ಮ ಮನೆಗಳಲ್ಲಿಯೇ ಎಷ್ಟು ಮಂದಿಗೆ ನೆನಪಿದೆ? ಹಾಡು ಉಳಿದು ಹಾಡನ್ನಿತ್ತವರ ಹೆಸರು ಮರೆಯಾಗುವುದು ವಿದ್ಯೆಗೆ ಸಲ್ಲಿಸಬೇಕಾದ ಋಣವನ್ನು ಅರ್ಧಕ್ಕೆ ನಿಲ್ಲಿಸಿದಂತೆ. ಆ ಋಣಸ್ಮರಣೆಗಾಗಿ ಈ ಮಹನೀಯರ ಜೀವನವನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಸಂಗೀತಶಾಸ್ತ್ರದಲ್ಲಿ ಮಾತು, ಧಾತು ಎಂಬ ಎರಡು ಶಬ್ದಗಳಿವೆ. ಮಾತೆಂದರೆ ಸಾಹಿತ್ಯ, ಧಾತುವೆಂದರೆ ಗೇಯ. ಈ ಎರಡನ್ನೂ ತಾನೇ ರಚಿಸಬಲ್ಲವನು ವಾಗ್ಗೇಯಕಾರನೆನಿಸುತ್ತಾನೆ. ಕವಿಗೆ ಮಾತು ಸಾಕು, ಗಾಯಕನಿಗೆ ಧಾತು ಸಾಕು. ವಾಗ್ಗೇಯಕಾರನಿಗೆ ವ್ಯಾಕರಣವೂ ಬೇಕು, ರಾಗಜ್ಞಾನವೂ ಬೇಕು, ಎರಡನ್ನೂ ಬೆಸೆಯುವ ಭಗವದ್ಭಕ್ತಿಯೂ ಬೇಕು. ಈ ಮೂರೂ ಒಂದೆಡೆ ಸೇರಿದ ಜೀವನ ಆಚಾರ್ಯರದು.

ಜನನ ಮತ್ತು ವಿದ್ಯಾಭ್ಯಾಸ

ವಾಸುದೇವಾಚಾರ್ಯರು 1865ನೆಯ ಇಸವಿ ಮೇ ತಿಂಗಳ 28ರಂದು ಮೈಸೂರಿನಲ್ಲಿ ಜನಿಸಿದರು. ಹುಟ್ಟಿದ್ದು ವೈದಿಕ ಸಂಪ್ರದಾಯದ ವಿದ್ವಾಂಸರ ಮನೆ. ಎಳೆಯ ವಯಸ್ಸಿನಲ್ಲಿಯೇ ಪಿತೃವಿಯೋಗವಾಗಿ, ಮಾತಾಮಹರ ಆಶ್ರಯದಲ್ಲಿ ಬಾಲಕನು ಬೆಳೆಯಬೇಕಾಯಿತು. ಅಂಥ ಮನೆಯ ಹುಡುಗನಿಗೆ ಹಿರಿಯರು ಗೊತ್ತುಮಾಡಿದ ಹಾದಿ ಒಂದೇ: ಸಂಧ್ಯಾವಂದನೆ, ದೇವಪೂಜೆ, ಸಂಸ್ಕೃತಾಧ್ಯಯನ. ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಅವರು ಕಾವ್ಯ, ನಾಟಕ, ಅಲಂಕಾರ, ವ್ಯಾಕರಣ, ತರ್ಕಗಳನ್ನು ವ್ಯಾಸಂಗಮಾಡಿದರು. ಇತಿಹಾಸ ಪುರಾಣಗಳ ಪರಿಚಯವೂ ಅಲ್ಲಿಯೇ ಆಯಿತು.

ಆದರೆ ಬಾಲಕನ ಮನಸ್ಸು ನಾದದ ಕಡೆಗೆ ವಾಲಿತ್ತು. ಅರಮನೆಯ ಪ್ರಮುಖ ವಿದ್ವಾಂಸರಾಗಿದ್ದ ವೀಣೆ ಪದ್ಮನಾಭಯ್ಯನವರಲ್ಲಿ ಅವರಿಗೆ ಸಂಗೀತದ ಮೊದಲ ಪಾಠವಾಯಿತು. ಒಂದು ಕಡೆ ಶಬ್ದ ಧಾತುರೂಪಗಳ ಕಂಠಪಾಠ, ಮತ್ತೊಂದು ಕಡೆ ಸರಳೆ ಜಂಟಿವರಸೆಗಳ ಸಾಧನೆ. ಹೀಗೆ ಎರಡು ವಿದ್ಯೆಗಳೂ ಒಂದೇ ಕಂಠದಲ್ಲಿ ನೆಲೆಸಿದವು. ಪಾಠಶಾಲೆಯಲ್ಲಿ ಸಂಥೆ ಹೇಳಿಸಿಕೊಂಡು ಬೆಳೆದ ನಮಗೆ ಇದರ ಅರ್ಥ ಚೆನ್ನಾಗಿ ತಿಳಿಯುತ್ತದೆ. ಗುರುವು ಒಮ್ಮೆ ಹೇಳಿದುದನ್ನು ಶಿಷ್ಯನು ಎರಡು ಬಾರಿ ಹೇಳಿ, ಸ್ವರ ತಪ್ಪದಂತೆ ಮನನಮಾಡುವುದೇ ಸಂಥೆಯ ಕ್ರಮ. ಸಂಗೀತದಲ್ಲಿ ಗುರುಮುಖದಿಂದ ಬಂದ ಈ ಸಂಪತ್ತಿಗೆ ಪಾಠಾಂತರವೆಂಬ ಹೆಸರು. ವೇದಕ್ಕೂ ಗಾನಕ್ಕೂ ಪುಸ್ತಕ ಆಮೇಲಿನದು, ಕಿವಿ ಮೊದಲಿನದು.

ತಿರುವೈಯಾರಿನ ಗುರುಕುಲ

ಆಗ ಮೈಸೂರಿನ ಸಿಂಹಾಸನದಲ್ಲಿದ್ದವರು ಶ್ರೀ ಚಾಮರಾಜೇಂದ್ರ ಒಡೆಯರು. ಈ ತರುಣನ ಪ್ರತಿಭೆಯನ್ನು ಗುರುತಿಸಿದ ಪ್ರಭುಗಳು, ಉನ್ನತ ಶಿಕ್ಷಣಕ್ಕಾಗಿ ಅರಮನೆಯ ವೇತನವನ್ನು ಗೊತ್ತುಮಾಡಿ, ತಂಜಾವೂರು ಸೀಮೆಯ ತಿರುವೈಯಾರಿಗೆ, ಪಟ್ಟಣಂ ಸುಬ್ರಹ್ಮಣ್ಯ ಅಯ್ಯರವರ ಬಳಿಗೆ ಅವರನ್ನು ಕಳುಹಿಸಿದರು. ಸುಬ್ರಹ್ಮಣ್ಯ ಅಯ್ಯರು (1845–1902) ಸ್ವತಃ ವಾಗ್ಗೇಯಕಾರರು. ಬೇಗಡೆ ರಾಗವನ್ನು ವಿಸ್ತಾರವಾಗಿ ಹಾಡುವುದರಲ್ಲಿ ಅವರಿಗೆ ಸಮಾನರಿರಲಿಲ್ಲವೆಂಬ ಕಾರಣದಿಂದ ಬೇಗಡೆ ಸುಬ್ರಹ್ಮಣ್ಯ ಅಯ್ಯರೆಂದೇ ಜನ ಅವರನ್ನು ಕರೆಯುತ್ತಿದ್ದರು. ಕದನಕುತೂಹಲ ರಾಗದಲ್ಲಿ ಅವರು ರಚಿಸಿದ ಕೃತಿ ಇಂದಿಗೂ ಕಚೇರಿಗಳನ್ನು ಬೆಳಗುತ್ತಿದೆ.

ಈ ಗುರುವಿನ ಪರಂಪರೆಯನ್ನು ಸ್ವಲ್ಪ ನಿಧಾನಿಸಿ ನೋಡುವುದು ಅವಶ್ಯ. ಅವರ ಗುರುಗಳು ಮಾನಂಬುಚಾವಡಿ ವೆಂಕಟಸುಬ್ಬಯ್ಯನವರು. ವೆಂಕಟಸುಬ್ಬಯ್ಯನವರ ಗುರುಗಳು ಸಾಕ್ಷಾತ್ ತ್ಯಾಗರಾಜರು (1767–1847). ತ್ಯಾಗರಾಜರಾದರೋ ತಮ್ಮ ‘ಪ್ರಹ್ಲಾದಭಕ್ತಿವಿಜಯ’ ಎಂಬ ಗೇಯನಾಟಕದಲ್ಲಿ ಶ್ರೀ ಪುರಂದರದಾಸರನ್ನು ಭಕ್ತಿಯಿಂದ ಸ್ಮರಿಸಿದ್ದಾರೆ. ಬಾಲ್ಯದಲ್ಲಿ ತಾಯಿಯ ಬಾಯಿಂದ ಪುರಂದರದಾಸರ ಪದಗಳನ್ನು ಅವರು ಕೇಳಿ ಕಲಿತರೆಂಬುದು ಆ ಸಂಪ್ರದಾಯದವರ ನಂಬಿಕೆ. ಕರ್ಣಾಟಕ ಸಂಗೀತಪಿತಾಮಹರೆಂದು ಲೋಕವೇ ಒಪ್ಪಿರುವ ದಾಸವರೇಣ್ಯರಿಂದ ಹೊರಟ ಧಾರೆ ಕಾವೇರೀತೀರದ ತಿರುವೈಯಾರನ್ನು ತಲುಪಿತು. ತ್ಯಾಗರಾಜರಲ್ಲಿ ಕೃತಿಯೆಂಬ ಪರಿಪೂರ್ಣ ರೂಪವನ್ನು ತಾಳಿತು. ಎರಡು ತಲೆಮಾರುಗಳ ಬಳಿಕ ಮೈಸೂರಿನ ಮಾಧ್ವ ಬ್ರಹ್ಮಚಾರಿಯೊಬ್ಬನು ಅಲ್ಲಿಗೆ ಹೋಗಿ, ಅದನ್ನು ಶಿರಸಾವಹಿಸಿ ಮರಳಿ ತಂದನು. ನಮ್ಮ ಬೇಲೂರಿನ ಯಗಚಿ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕಾವೇರಿಯನ್ನು ಸೇರುತ್ತದೆ. ಆ ನೀರು ತಿರುವೈಯಾರಿನತ್ತ ಹೋಗುತ್ತದೆಯೇ ಹೊರತು ಹಿಂದಿರುಗುವುದಿಲ್ಲ. ವಿದ್ಯೆಯ ಪ್ರವಾಹವಾದರೋ ಹಿಂದಿರುಗಿತು. ಇದು ನಾವು ಹೆಮ್ಮೆಪಡಬೇಕಾದ ಸಂಗತಿ.

ಗುರುಕುಲವೆಂದರೆ ಇಂದಿನ ತರಗತಿಯಲ್ಲ. ಗುರುಗಳ ಮನೆಯಲ್ಲಿದ್ದು ಶುಶ್ರೂಷೆಮಾಡುತ್ತ, ಅವರ ಸಾಧನೆಯನ್ನೂ ಇತರರಿಗೆ ಅವರು ಹೇಳುವ ಪಾಠವನ್ನೂ ಕಿವಿಗೊಟ್ಟು ಕೇಳಿ, ಅನುಗ್ರಹವಾದ ದಿನ ತಾನೂ ಹಾಡಿ ಒಪ್ಪಿಸಬೇಕು. ಆಚಾರವಂತ ಮಾಧ್ವ ಮನೆತನದ ಹುಡುಗನು ಬೇರೆ ಭಾಷೆಯ, ಬೇರೆ ಸಂಪ್ರದಾಯದ ಊರಿನಲ್ಲಿದ್ದು ಈ ವ್ರತವನ್ನು ನಡೆಸಿದನೆಂಬುದನ್ನು ಮರೆಯಬಾರದು. ಗುರುವಿನ ವಿಶೇಷವಾದ ಮಧ್ಯಮಕಾಲದ ತಾನವು ಶಿಷ್ಯನ ಕಂಠದಲ್ಲಿ ನೆಲೆಗೊಂಡಿತು. ಮುಂದೆ ಆಚಾರ್ಯರ ಗಾನಕ್ಕೆ ಕೀರ್ತಿ ಬಂದುದು ಈ ತಾನದ ಸೊಗಸಿನಿಂದಲೇ.

ಆಸ್ಥಾನದಲ್ಲಿ

ಮೈಸೂರಿಗೆ ಹಿಂದಿರುಗಿದ ಆಚಾರ್ಯರು ಆಸ್ಥಾನ ವಿದ್ವಾಂಸರಾದರು. ಚಾಮರಾಜೇಂದ್ರ ಒಡೆಯರು 1894ರಲ್ಲಿ ದಿವಂಗತರಾದರು. ಬಳಿಕ ನಾಲ್ವಡಿ ಕೃಷ್ಣರಾಜ ಒಡೆಯರ ದೀರ್ಘವಾದ ಆಳ್ವಿಕೆಯಲ್ಲಿಯೂ, 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರ ಕಾಲದಲ್ಲಿಯೂ ಅವರ ಸೇವೆ ಮುಂದುವರಿಯಿತು. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ, ಬಿಡಾರಂ ಕೃಷ್ಣಪ್ಪ, ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಮುಂತಾದ ಮಹಾವಿದ್ವಾಂಸರು ಅಂದಿನ ಮೈಸೂರಿನ ಭೂಷಣರು. ಅಂಥವರ ನಡುವೆ ಮನ್ನಣೆ ಪಡೆಯುವುದು ಸುಲಭವಾಗಿರಲಿಲ್ಲ.

ಜಯಚಾಮರಾಜ ಒಡೆಯರು ಸ್ವತಃ ಕೃತಿರಚನೆಗೆ ತೊಡಗಿದಾಗ ಆಚಾರ್ಯರ ಮಾರ್ಗದರ್ಶನ ಅವರಿಗೆ ದೊರೆಯಿತು. ‘ಶ್ರೀವಿದ್ಯಾ’ ಎಂಬ ಮುದ್ರಿಕೆಯಿಂದ ಪ್ರಭುಗಳು ರಚಿಸಿದ 94 ಕೃತಿಗಳು ಪ್ರಸಿದ್ಧವಾಗಿವೆ. ಮುತ್ತಾತನ ವಯಸ್ಸಿನ ವಿದ್ವಾಂಸರು, ತಮ್ಮನ್ನು ಓದಲು ಕಳುಹಿಸಿದ ಪ್ರಭುವಿನ ಮೊಮ್ಮಗನಿಗೇ ರಚನೆಯ ಮರ್ಮವನ್ನು ತಿಳಿಸಿಕೊಟ್ಟರು. ಅರಮನೆಯಿಂದ ಪಡೆದುದನ್ನು ಅರಮನೆಗೇ ಬೆಳೆಸಿ ಒಪ್ಪಿಸಿದ ಪರಿ ಇದು.

1935ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ವಿದ್ವತ್ಸಭೆಗೆ ಆಚಾರ್ಯರು ಅಧ್ಯಕ್ಷರಾದರು. 1954ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1959ರಲ್ಲಿ ಭಾರತ ಸರ್ಕಾರದ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದವು.

ಕೃತಿಗಳೂ ಅಂಕಿತವೂ

ಆಚಾರ್ಯರು ರಚಿಸಿದ ಕೃತಿಗಳು ಸುಮಾರು 200. ‘ವಾಸುದೇವಕೀರ್ತನಮಂಜರೀ’ ಎಂಬ ಗ್ರಂಥದಲ್ಲಿ ಅವರ ರಚನೆಗಳು ಪ್ರಕಟವಾದವು. ಖಮಾಸಿನ ಕೃತಿಯಲ್ಲದೆ, ಹಿಂದೋಳ ರಾಗದಲ್ಲಿ ಸರಸ್ವತಿಯನ್ನು ಪ್ರಾರ್ಥಿಸುವ ‘ಮಾಮವತು ಶ್ರೀ ಸರಸ್ವತೀ’, ಆಭೇರಿಯ ‘ಭಜರೇ ರೇ ಮಾನಸ’ ಮೊದಲಾದವು ಸಂಗೀತಗಾರರ ನಾಲಿಗೆಯ ಮೇಲೆ ಸದಾ ಇವೆ. ಸಂಸ್ಕೃತದ ಪದಗಳು ತಾಳದೊಳಗೆ ಎಲ್ಲಿಯೂ ಒಡೆಯದೆ, ಅನ್ವಯ ಕೆಡದೆ, ಸಹಜವಾಗಿ ನಡೆಯುವುದು ಅವರ ರಚನೆಯ ಲಕ್ಷಣ. ಪಾಠಶಾಲೆಯ ವ್ಯಾಕರಣ ಅಲ್ಲಿ ಕೆಲಸಮಾಡಿದೆ. ಹಾಡುವವನು ಪದವನ್ನು ಎಲ್ಲಿ ನಿಲ್ಲಿಸಿದರೆ ಅರ್ಥ ಕೆಡುವುದೆಂಬುದನ್ನು ಬಲ್ಲವರು ಮಾತ್ರ ಹಾಗೆ ಹೆಣೆಯಬಲ್ಲರು.

ಅವರ ಮುದ್ರಿಕೆ ‘ವಾಸುದೇವ’ ಎಂಬುದು. ಹರಿದಾಸರಿಗೆ ಅಂಕಿತ ದೊರೆಯುವುದು ಗುರುಗಳಿಂದ. ಅದು ಭಗವಂತನ ನಾಮವೇ ಹೊರತು ದಾಸನ ಹೆಸರಲ್ಲ. ಇತರ ವಾಗ್ಗೇಯಕಾರರಲ್ಲಿ ಸ್ವಂತ ಹೆಸರನ್ನೇ ಮುದ್ರಿಕೆಯಾಗಿ ಇರಿಸಿದವರು ಅನೇಕರು. ವಾಸುದೇವಾಚಾರ್ಯರಲ್ಲಿ ಈ ಎರಡು ಪದ್ಧತಿಗಳೂ ಒಂದಾದವು: ತಂದೆತಾಯಿಗಳು ಇಟ್ಟ ಹೆಸರೂ ಅದೇ, ದ್ವಾದಶಾಕ್ಷರ ಮಂತ್ರದಲ್ಲಿ ನಾವು ಜಪಿಸುವ ನಾಮವೂ ಅದೇ. ಶ್ರೀಮದಾಚಾರ್ಯರಿಗೆ ಪಾಜಕಕ್ಷೇತ್ರದಲ್ಲಿ ತಂದೆಯು ಇಟ್ಟ ಪೂರ್ವಾಶ್ರಮದ ಹೆಸರೂ ವಾಸುದೇವನೆಂದೇ ಎಂಬುದನ್ನು ಸುಮಧ್ವವಿಜಯವನ್ನು ಪಾರಾಯಣಮಾಡುವ ನಮ್ಮ ಮನೆಗಳಲ್ಲಿ ಬಿಡಿಸಿ ಹೇಳಬೇಕಿಲ್ಲ. ಹೆಸರೊಂದೇ ಆದರೂ ಸೇವಕನು ಸೇವಕನೇ, ಸ್ವಾಮಿಯು ಸ್ವಾಮಿಯೇ. ಆಚಾರ್ಯರ ಕೃತಿಗಳಲ್ಲಿ ಆ ನಾಮ ಬಂದಾಗಲೆಲ್ಲ ನುತಿಸಲ್ಪಡುವವನು ಶ್ರೀಹರಿ, ನುತಿಸುವವನು ಆತನ ಕಿಂಕರ ಎಂಬ ಭೇದ ಅಳಿಯುವುದಿಲ್ಲ.

ಕನ್ನಡದ ಪ್ರಶ್ನೆ

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ದಾಸರಾಯರು ಕನ್ನಡದಲ್ಲಿ ಹಾಡಿ ಹೆಂಗಸರು ಮಕ್ಕಳಿಗೂ ತತ್ತ್ವವನ್ನು ಮುಟ್ಟಿಸಿದರು. ಅದೇ ನಾಡಿನ, ಅದೇ ಮತದ ವಾಸುದೇವಾಚಾರ್ಯರು ತೆಲುಗಿನಲ್ಲಿಯೂ ಸಂಸ್ಕೃತದಲ್ಲಿಯೂ ರಚಿಸಿದುದೇಕೆ? ಇವರ ಕಾಲದಲ್ಲಿಯೇ ತಮಿಳುನಾಡಿನಿಂದ ಬಂದ ಮುತ್ತಯ್ಯ ಭಾಗವತರು, ನಾಲ್ವಡಿ ಪ್ರಭುಗಳ ಅಪೇಕ್ಷೆಯಂತೆ ಚಾಮುಂಡೇಶ್ವರಿಯ ಅಷ್ಟೋತ್ತರಶತನಾಮಗಳಿಗೆ 108 ಕೃತಿಗಳನ್ನು ಕನ್ನಡದಲ್ಲಿ ಹೆಣೆದರು. ಹೊರಗಿನವರು ಕನ್ನಡದಲ್ಲಿ ಹಾಡಿದರು, ಒಳಗಿನವರು ಹೊರಗಿನ ಭಾಷೆಯಲ್ಲಿ ಹಾಡಿದರು ಎಂದು ಯಾರಾದರೂ ನೊಂದು ನುಡಿದರೆ ಅದು ಅನ್ಯಾಯವಲ್ಲ.

ಈ ನೋವಿಗೆ ಫಲವೂ ಇದೆ. ನಮ್ಮ ಅಜ್ಜಿಯರು ಬೆಳಗ್ಗೆ ರಂಗವಲ್ಲಿ ಇಡುತ್ತ, ಮಧ್ಯಾಹ್ನ ಬತ್ತಿ ಹೊಸೆಯುತ್ತ ಪುರಂದರ, ವಿಜಯ, ಜಗನ್ನಾಥದಾಸರ ಪದಗಳನ್ನು ಹಾಡಿಕೊಂಡರು. ವಾಸುದೇವಾಚಾರ್ಯರ ಕೃತಿಗಳು ಆ ಪಡಸಾಲೆಗೆ ಬರಲಿಲ್ಲ. ಅವು ಕಚೇರಿಯ ವೇದಿಕೆಯಲ್ಲಿ ಉಳಿದವು. ಅವರ ಹೆಸರು ನಮ್ಮ ಮನೆಗಳಲ್ಲಿ ಮಸಕಾಗಲು ಇದೂ ಒಂದು ಕಾರಣ.

ಆದರೂ ವಿಚಾರಮಾಡಿದರೆ ಕಾರಣ ತಿಳಿಯುತ್ತದೆ. ವಿದ್ಯೆಯು ಯಾವ ಭಾಷೆಯಲ್ಲಿ ಬಂದಿತೋ ಆ ಭಾಷೆಯಲ್ಲಿಯೇ ಅದು ಶಿಷ್ಯನಲ್ಲಿ ಚಿಗುರುತ್ತದೆ. ತ್ಯಾಗರಾಜರ ಕೃತಿಗಳ ಭಾಷೆ ತೆಲುಗು. ಗುರುಗಳಾದ ಸುಬ್ರಹ್ಮಣ್ಯ ಅಯ್ಯರದೂ ತೆಲುಗೇ. ಮೈಸೂರಿನ ಆಸ್ಥಾನದಲ್ಲಿಯೂ ಹಿಂದಿನಿಂದ ತೆಲುಗು ರಚನೆಗಳಿಗೆ ಮನ್ನಣೆಯಿತ್ತು. ಸಂಸ್ಕೃತವಾದರೋ ಅವರಿಗೆ ಪಾಠಶಾಲೆಯ ಕೊಡುಗೆ. ಶ್ರೀ ವಾದಿರಾಜರು ಸಂಸ್ಕೃತದಲ್ಲಿ ರುಕ್ಮಿಣೀಶವಿಜಯವನ್ನು ರಚಿಸಿ ಕನ್ನಡದಲ್ಲಿ ಪದಗಳನ್ನೂ ಹಾಡಿದರು. ಪಾತ್ರೆ ಬೇರೆಯಾದರೂ ನೈವೇದ್ಯ ಒಂದೇ.

ಮಿಗಿಲಾಗಿ, ಆಚಾರ್ಯರು ಕನ್ನಡದ ಋಣವನ್ನು ಬೇರೊಂದು ರೀತಿಯಲ್ಲಿ ತೀರಿಸಿದರು. ವೃದ್ಧಾಪ್ಯದಲ್ಲಿ ಅವರು ಹೊರತಂದ ‘ನಾ ಕಂಡ ಕಲಾವಿದರು’, ‘ನೆನಪುಗಳು’ ಎಂಬ ಗ್ರಂಥಗಳು ಕನ್ನಡ ಗದ್ಯದ ಅಮೂಲ್ಯ ಸಂಪತ್ತು. ಮೊದಲನೆಯದರಲ್ಲಿ ತಾವು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ ವಿದ್ವಾಂಸರ ಗುಣ, ಸ್ವಭಾವ, ಗಾನದ ವೈಶಿಷ್ಟ್ಯಗಳನ್ನು ಅವರು ಚಿತ್ರಿಸಿದ್ದಾರೆ. ಧ್ವನಿಮುದ್ರಣ ಇಲ್ಲದಿದ್ದ ಅಥವಾ ವಿರಳವಾಗಿದ್ದ ಆ ಕಾಲದ ಗಾನವನ್ನು ಇಂದು ನಾವು ಕೇಳಲಾರೆವು. ಅದು ಹೇಗಿತ್ತೆಂಬುದನ್ನು ಆಚಾರ್ಯರ ಮಾತಿನಿಂದಲೇ ಊಹಿಸಬೇಕು. ತನ್ನ ಸಮಕಾಲೀನರನ್ನು ಮೆಚ್ಚಿ ಬರೆಯುವ ಕಲಾವಿದರು ಕಡಮೆ. ಆಚಾರ್ಯರು ತಮ್ಮ ಹಿರಿಮೆಯನ್ನು ಹಿಂದಿಟ್ಟು ಇತರರ ಹಿರಿಮೆಯನ್ನು ಮುಂದಿಟ್ಟರು. ನಮ್ಮ ಸೀಮೆಯವರೇ ಆದ ಹರಿಕಥಾವಿದ್ವಾನ್ ಬೇಲೂರು ಕೇಶವದಾಸರು ‘ಕರ್ನಾಟಕ ಭಕ್ತವಿಜಯ’ದಲ್ಲಿ ದಾಸರ ಚರಿತ್ರೆಗಳನ್ನು ಸಂಗ್ರಹಿಸಿ ಉಳಿಸಿದಂತೆ, ವಾಸುದೇವಾಚಾರ್ಯರು ಸಂಗೀತಗಾರರ ಚರಿತ್ರೆಗಳನ್ನು ಉಳಿಸಿದರು. ಎರಡೂ ಒಂದೇ ಬಗೆಯ ಪುಣ್ಯಕಾರ್ಯಗಳು.

ತೊಂಬತ್ತರ ವಯಸ್ಸಿನಲ್ಲಿ ರಾಮಾಯಣ

ಸಾಮಾನ್ಯರು ಕೈಕಾಲು ಸೋತು ಕುಳಿತುಕೊಳ್ಳುವ ವಯಸ್ಸಿನಲ್ಲಿ ಆಚಾರ್ಯರ ಜೀವನದ ಮತ್ತೊಂದು ಅಧ್ಯಾಯ ಆರಂಭವಾಯಿತು. ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು 1936ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಸ್ಥಾಪಿಸಿದ್ದ ಕಲಾಕ್ಷೇತ್ರವು ಅವರನ್ನು ಆದರದಿಂದ ಬರಮಾಡಿಕೊಂಡಿತು. ವಾಲ್ಮೀಕಿರಾಮಾಯಣವನ್ನು ನೃತ್ಯನಾಟಕಗಳ ಮಾಲೆಯಾಗಿ ರಂಗಕ್ಕೆ ತರಬೇಕೆಂಬುದು ರುಕ್ಮಿಣೀದೇವಿಯವರ ಸಂಕಲ್ಪ. ಅದಕ್ಕೆ ಆದಿಕವಿಯ ಸಂಸ್ಕೃತವನ್ನು ಅರಿತ, ರಾಗಗಳ ಹೃದಯವನ್ನು ಬಲ್ಲ, ಸ್ವತಃ ರಾಮಭಕ್ತರಾದ ಒಬ್ಬ ವಿದ್ವಾಂಸರು ಬೇಕಿತ್ತು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಲಿತ ಕಾವ್ಯ, ಯೌವನದಲ್ಲಿ ತಿರುವೈಯಾರಿನಲ್ಲಿ ಕಲಿತ ಗಾನ, ಎರಡೂ ಸೇರಿ ಕೆಲಸಮಾಡುವ ಸಂದರ್ಭ ಎಪ್ಪತ್ತು ವರ್ಷಗಳ ಬಳಿಕ ಹೀಗೆ ಒದಗಿತು.

ಮಾಲೆಯ ಮೊದಲನೆಯದಾದ ‘ಸೀತಾಸ್ವಯಂವರಂ’ 1955ರಲ್ಲಿ ರಂಗವನ್ನೇರಿದಾಗ ಆಚಾರ್ಯರಿಗೆ 90 ವರ್ಷ. ಶ್ಲೋಕದ ಛಂದಸ್ಸು ಕೆಡದಂತೆ, ಸನ್ನಿವೇಶದ ರಸಕ್ಕೆ ಒಪ್ಪುವ ರಾಗವನ್ನು ಆರಿಸಿ, ಅಭಿನಯಕ್ಕೆ ಎಡೆಯಿರುವಂತೆ ಸ್ವರ ಹಾಕುವುದು ಸುಲಭದ ಕೆಲಸವಲ್ಲ. ಆರು ನಾಟಕಗಳ ಆ ಮಹಾಮಾಲೆಯನ್ನು ತಾವು ಮುಗಿಸುವುದು ಅಸಂಭವವೆಂದು ತಿಳಿದೂ ಅವರು ತೊಡಗಿದರು. ಫಲದ ಎಣಿಕೆಯಿಲ್ಲದೆ ಕರ್ಮಮಾಡಬೇಕೆಂದು ಗೀತಾಪ್ರವಚನಗಳಲ್ಲಿ ಕೇಳುತ್ತೇವೆ. ಅದರ ಪ್ರತ್ಯಕ್ಷ ದೃಷ್ಟಾಂತ ಇದು.

1961ನೆಯ ಇಸವಿ ಮೇ 17ರಂದು ಆಚಾರ್ಯರು ಹರಿಪಾದವನ್ನು ಸೇರಿದರು. 96 ವರ್ಷ ತುಂಬಲು 11 ದಿನಗಳು ಉಳಿದಿದ್ದವು. ಉಳಿದ ರಾಮಾಯಣ? ಅವರ ಮೊಮ್ಮಗ, ಅವರಲ್ಲಿಯೇ ಪಾಠ ಹೇಳಿಸಿಕೊಂಡ ವಿದ್ವಾನ್ ಎಸ್. ರಾಜಾರಾಂ ಅವರು ತಾತನ ಹಾದಿಯಲ್ಲಿಯೇ ನಡೆದು ಸಂಗೀತವನ್ನು ಪೂರ್ಣಗೊಳಿಸಿದರು. 1970ರಲ್ಲಿ ‘ಮಹಾಪಟ್ಟಾಭಿಷೇಕಂ’ ರಂಗಕ್ಕೆ ಬಂದು ಮಾಲೆ ಮುಗಿಯಿತು. ಮತ್ತೊಬ್ಬ ಮೊಮ್ಮಗ, ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದ ಎಸ್. ಕೃಷ್ಣಮೂರ್ತಿಯವರು ತಾತನ ಜೀವನಚರಿತ್ರೆಯನ್ನು ಬರೆದರು. ಒಬ್ಬರು ನಾದವನ್ನು ಮುಂದುವರಿಸಿದರು, ಇನ್ನೊಬ್ಬರು ನೆನಪನ್ನು ಮುಂದುವರಿಸಿದರು.

ನಮ್ಮ ಕರ್ತವ್ಯ

ನಮ್ಮ ಸೀಮೆ ಹೊಯ್ಸಳರ ಸೀಮೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರ ಸುತ್ತ ಮದ್ದಳೆ ಬಾರಿಸುವವರು, ತಾಳ ಹಿಡಿದವರು ಇದ್ದಾರೆ. ಹಳೇಬೀಡಿನ ಭಿತ್ತಿಗಳಲ್ಲಿಯೂ ನರ್ತಕರೂ ವಾದ್ಯಗಾರರೂ ಸಾಲುಗೊಂಡಿದ್ದಾರೆ. ರಾಣಿ ಶಾಂತಲೆಯ ಗೀತ ವಾದ್ಯ ನೃತ್ಯ ಕೌಶಲವನ್ನು ಶಾಸನಗಳು ಹೊಗಳುತ್ತವೆ. ಒಂಬತ್ತು ನೂರು ವರ್ಷಗಳಾದರೂ ಆ ಕಲ್ಲಿನ ಮದ್ದಳೆ ಸವೆದಿಲ್ಲ. ಆದರೆ ಆ ಮದ್ದಳೆಯಿಂದ ಅಂದು ಹೊಮ್ಮಿದ ನಾದ ಯಾವುದು, ಶಾಂತಲೆ ಹಾಡಿದ ಹಾಡಿನ ಧಾಟಿ ಯಾವುದು, ಹೇಳಬಲ್ಲವರು ಯಾರೂ ಇಲ್ಲ. ಶಿಲೆ ತಾನಾಗಿ ನಿಲ್ಲುತ್ತದೆ. ಗಾನವು ಒಂದು ಕಂಠದಿಂದ ಮತ್ತೊಂದು ಕಂಠಕ್ಕೆ ದಾಟಿದರೆ ಮಾತ್ರ ನಿಲ್ಲುತ್ತದೆ. ನಡುವೆ ಒಂದು ತಲೆಮಾರು ಮೌನವಾದರೆ ಸಾಕು, ಅದು ಮುಗಿಯಿತು. ವಾದಿರಾಜರ ಸಮಕಾಲೀನರಾದ ಬೇಲೂರಿನ ವೈಕುಂಠದಾಸರ ಪದಗಳನ್ನು ಇಂದು ಬೇಲೂರಿನಲ್ಲಿಯೇ ಹಾಡಬಲ್ಲವರು ಎಷ್ಟು ಮಂದಿಯೆಂದು ಕೇಳಿಕೊಂಡರೆ ಈ ಮಾತಿನ ತೂಕ ತಿಳಿದೀತು.

ವಾಸುದೇವಾಚಾರ್ಯರ ಜೀವನದ ಸಾರವೂ ಇಷ್ಟೇ ಎಂದು ನಮಗೆ ತೋರುತ್ತದೆ. ಅವರು ಪಡೆದರು, ಬೆಳೆಸಿದರು, ಒಪ್ಪಿಸಿದರು. ಗುರುವಿನಿಂದ ಪಡೆದುದನ್ನು ಶಿಷ್ಯರಿಗೆ, ಕಂಡ ಕಲಾವಿದರ ನೆನಪನ್ನು ಕನ್ನಡಿಗರಿಗೆ, ಅರ್ಧವಾದ ರಾಮಾಯಣವನ್ನು ಮೊಮ್ಮಗನಿಗೆ ಒಪ್ಪಿಸಿ ಹೋದರು.

ಆದುದರಿಂದ ನಮ್ಮ ಆಸ್ತಿಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಮನೆಯಲ್ಲಿ ಸಂಗೀತ ಕಲಿಯುವ ಮಕ್ಕಳಿದ್ದರೆ, ದಾಸರ ಪದಗಳೊಡನೆ ಆಚಾರ್ಯರ ಒಂದಾದರೂ ಕೃತಿಯನ್ನು ಗುರುಮುಖದಿಂದ ಪಾಠಮಾಡಿಸಿರಿ. ಅದರ ಅರ್ಥವನ್ನು ಬಲ್ಲವರಿಂದ ಕೇಳಿ ತಿಳಿಸಿರಿ. ರಾಮೋತ್ಸವದ ಸೇವೆಯಲ್ಲಿ ಆ ಕೃತಿಯನ್ನು ಹಾಡುವಾಗ, ರಾಗ ತಾಳಗಳೊಡನೆ ರಚಿಸಿದವರ ಹೆಸರನ್ನೂ ಸಭೆಗೆ ಹೇಳಿರಿ. ಒಂದು ಹೆಸರನ್ನು ಹೇಳುವುದಕ್ಕೆ ಒಂದು ಕ್ಷಣ ಸಾಕು. ಆ ಕ್ಷಣದಲ್ಲಿ ಪುರಂದರದಾಸರಿಂದ ತ್ಯಾಗರಾಜರಿಗೆ, ತ್ಯಾಗರಾಜರ ಪರಂಪರೆಯಿಂದ ಮೈಸೂರಿಗೆ ಬಂದ ಆ ದೀರ್ಘ ಋಣದ ಒಂದಂಶವಾದರೂ ಸಂದಂತಾಗುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥